ಅರವತ್ತು ಫ್ರೇಮು

ಟ್ರೈಲರು ಒಂದು ನಿಮಿಷ ನಲವತ್ತು ಸೆಕೆಂಡು.
ಅದರಲ್ಲಿ ಸಿನಿಮಾದ ಹೆಸರಿಗೆ ಎರಡೂವರೆ,
ಅಂದರೆ ಅರವತ್ತು ಫ್ರೇಮು,
ಅಂದರೆ ನನಗೆ ಹನ್ನೊಂದು ರಾತ್ರಿ
ಹಾಸನದ ಸಾಲಗಾಮೆ ರಸ್ತೆಯಲ್ಲಿ
ಝೆರಾಕ್ಸ್ ಅಂಗಡಿಯ ಮೇಲಿನ ರೂಮು,
ಧರಣೇಂದ್ರನ ಭಾವನ ಕಂಪ್ಯೂಟರು.
ಅದು ಬಿಸಿಯಾದರೆ ಟೇಬಲ್ ಫ್ಯಾನು,
ನಾವು ಬಿಸಿಯಾದರೆ ಕಿಟಕಿ.

ಹೆಸರು: ಕತ್ತಲೆಗೊಂದು ಸ್ವಿಚ್ಚು.
ಇಡುವಾಗ ಯಾರೂ ಒತ್ತಕ್ಷರ ಎಣಿಸಿರಲಿಲ್ಲ.

ಒಂದೊಂದೇ ಅಕ್ಷರ ಹೊತ್ತಿಕೊಳ್ಳಬೇಕು,
ಹಳೇ ಟ್ಯೂಬ್‌ಲೈಟು ಎರಡು ಸಲ ಅನುಮಾನಿಸಿ
ಆಮೇಲೆ ಒಪ್ಪಿಕೊಳ್ಳುವ ಹಾಗೆ.
ಆಸೆ ಅಷ್ಟೇ. ಸಾಫ್ಟ್‌ವೇರಿಗೆ ಕನ್ನಡ ಬಾರದು.
ತ ಕೆಳಗಿನ ಒತ್ತನ್ನು ಕಿತ್ತು ಪಕ್ಕದಲ್ಲಿ ಕೂರಿಸಿತು,
ಸ್ವಿಚ್ಚನ್ನು ಸ್ ವಿ ಚ್ ಚು ಮಾಡಿತು,
ಎತ್ವ ಒಂದು ಮೂಲೆಗೆ, ಕೊಂಬು ಇನ್ನೊಂದಕ್ಕೆ,
ಬಾಡಿಗೆ ಮನೆ ಬದಲಾಯಿಸುವಾಗ
ರಸ್ತೆಯಲ್ಲಿ ಇಳಿಸಿಟ್ಟ ಪಾತ್ರೆ ಪಗಡ.

ಲೋಹಿತ ಹಾಸಿಗೆಯಿಂದಲೇ ಅಂದ,
"ಇಂಗ್ಲಿಷಲ್ಲಿ ಹಾಕಿ ಮುಗಿಸು ಮಾರಾಯ, ನಾಲ್ಕು ನಿಮಿಷದ ಕೆಲಸ."
ಹಾಕಿಯೂ ನೋಡಿದೆ. ನಾಲ್ಕೇ ನಿಮಿಷ.
ಚೆನ್ನಾಗೇ ಇತ್ತು. ಬೇಜಾರಾದದ್ದು ಅದಕ್ಕೇ.

ಆಮೇಲೆ ನಟರ ಹೆಸರು. ಒಂದೇ ಹೆಸರು.
ಪೆನ್ಷನ್ ಮೊಹಲ್ಲಾದ ಹಾಸ್ಟೆಲಿನಲ್ಲಿ
ಎಂಬತ್ತು ಹುಡುಗಿಯರಿಗೆ ಮುದ್ದೆ ಕಟ್ಟುವ ಸಣ್ಣತಾಯಮ್ಮ.
ಹೊಸ ಮನೆ, ಕರೆಂಟು ಇದೆ,
ಸ್ವಿಚ್ಚು ಎಲ್ಲಿ ಅಂತ ತಿಳಿಯದ ಹೆಂಗಸು
ಗೋಡೆ ತಡಕುತ್ತ ತಡಕುತ್ತ
ಗೋಡೆಯ ಜೊತೆಗೇ ಮಾತಿಗೆ ಬೀಳುವ ಪಾತ್ರ.
ಒಂದೇ ಟೇಕಿನಲ್ಲಿ ಮಾಡಿ
"ಸಾರಿಗೆ ಹೊತ್ತಾಯ್ತು" ಅಂತ ಹೊರಟುಬಿಟ್ಟಿದ್ದರು.

ಓದು ಬಾರದು. ಬ್ಯಾಂಕಿಗೆಂದು ಸಹಿ ಕಲಿತವರು.
ನಾನು ಹಾಳೆಯಲ್ಲಿ ಹೆಸರು ಬರೆದು
ಸರಿಯಾಗಿದೆಯಾ ಅಂತ ಹಿಡಿದೆ.
ಹಿಟ್ಟಿನ ಬೆರಳು ಣ ಕೆಳಗೆ ನಿಂತಿತು, ಮ ಕೆಳಗೆ ನಿಂತಿತು.
"ಎಲ್ಡು ಮರಿ ಅವೆ. ಅಂಗಾರೆ ನಂದೇಯ.
ಮರಿ ಇಲ್ದೇ ಇದ್ರೆ ಅದು ಇನ್ಯಾರ್ದೋ ಕಣ್ ಮಗ."

ಅವತ್ತೇ ರಾತ್ರಿ ಫಾಂಟು ಬಿಟ್ಟೆ.
ದಪ್ಪ ಮಾರ್ಕರು, ಕ್ಯಾಲೆಂಡರಿನ ಹಿಂಬದಿ,
ಕೈಯಲ್ಲೇ ಬರೆದು, ಫೋನಲ್ಲಿ ಹಿಡಿದು,
ಅಂಚಿನ ಸುತ್ತ ಚುಕ್ಕೆ ಇಟ್ಟು ಇಟ್ಟು ಕತ್ತರಿಸಿದೆ.
ಒಂದೊಂದು ಒತ್ತಿಗೂ ಒಂದೊಂದು ಲೇಯರು.
ಅಲ್ಲೊಂದು ಸುರುಳಿ ಗುರುತು ಇದೆ, ಪೇರೆಂಟ್ ಅಂತ ಹೆಸರು:
ಅದರಿಂದ ದಾರ ಎಳೆದು ಒತ್ತನ್ನು ಅಕ್ಷರಕ್ಕೆ ಕಟ್ಟಿದರೆ
ಅಕ್ಷರ ಏರಿದರೆ ಏರುತ್ತದೆ,
ನಡುಗಿದರೆ ನಡುಗುತ್ತದೆ,
ಸೊಂಟದ ಮೇಲಿನ ಕೂಸು.
ಬೆಳಗುವುದೊಂದನ್ನು ಮಾತ್ರ
ಒತ್ತಿಗೆ ಎರಡು ಫ್ರೇಮು ತಡ ಇಟ್ಟೆ.
ಕಾರಣ ಕೇಳಿದ್ದರೆ ಹೇಳಲು ಇರಲಿಲ್ಲ.

ಧರಣೇಂದ್ರ, ನಿರ್ದೇಶಕ, ಅಂದ:
"ಅವರ ಹೆಸರಿಗೆ ಒಂದು ಸೆಕೆಂಡು ಸಾಕು."
ಅವನು ಟೀ ಕುಡಿಯಲು ಇಳಿದಾಗ
ಸಿನಿಮಾದ ಅರವತ್ತರಿಂದ ಹನ್ನೆರಡು ಕದ್ದು ಅವರಿಗೆ ಸೇರಿಸಿದೆ.
ಇವತ್ತಿಗೂ ಅವನಿಗೆ ಗೊತ್ತಿಲ್ಲ.

ರೆಂಡರು ಎಂಬತ್ತೇಳಕ್ಕೆ ಬಂದಾಗ ಕರೆಂಟು ಹೋಯಿತು.
ಲೋಹಿತ ಎದ್ದು ನಿಜವಾಗಿಯೂ ಗೋಡೆ ತಡಕಿದ.

ಶನಿವಾರ, ಕಾಲೇಜಿನ ಸೆಮಿನಾರ್ ಹಾಲು.
ಪರದೆಗೆ ಬಿಳೀ ಬೆಡ್‌ಶೀಟು,
ಫ್ಯಾನು ಹಾಕಿದರೆ ಹೆಸರು ಅಲುಗುತ್ತದೆಂದು ಎಲ್ಲರೂ ಬೆವರಿದೆವು.
ಮಡಿಲಲ್ಲಿ ಕರಿಬೇವಿನ ಚೀಲ ಇಟ್ಟುಕೊಂಡು
ಮೊದಲ ಸಾಲಿನಲ್ಲಿ ಸಣ್ಣತಾಯಮ್ಮ.
ಮುಗಿಯಿತು. ದೀಪ ಹಾಕಿದರು.
"ಕಣ್ ಮಿಟುಕ್ಸ್‌ಬುಟ್ಟೆ," ಅಂದರು. "ಇನ್ನೊಂದ್ಸಲ ಹಾಕ್ರಪ್ಪಾ."

ಹಾಕಿದೆವು.
ಈ ಸಲ ರೆಪ್ಪೆಯನ್ನು ಬೆರಳಲ್ಲಿ ಎತ್ತಿ ಹಿಡಿದಿದ್ದರು.
ಮೇಷ್ಟರು ಏನೋ ಹೇಳಲು ಎದ್ದರು,
ಅಷ್ಟರಲ್ಲಿ ಇವರೂ ಎದ್ದರು, ಅಕ್ಕಿ ತೊಳೆಯಬೇಕಿತ್ತು.
ಬಾಗಿಲ ಹತ್ತಿರ ನನ್ನ ಮುಂದೆ ನಿಂತು ಕೇಳಿದರು,

"ಆ ಕೊನೇ ಮರಿ ವಸಿ ತಡವಾಗಿ ಬಂತಲ್ಲ,
ಎಲ್ಲೋಗಿತ್ತು?"